ಮಣ್ಣೆತ್ತು, ದಾಳಿಂಬೆ ಸಿಪ್ಪೆ, ಆರು ಬಣ್ಣದ ಮರ: ಆಟದಲ್ಲೇ ಮಕ್ಕಳಿಗೆ ಮಿತಬಳಕೆಯ ಪಾಠ

ಜ್ಯೇಷ್ಠ ಮಾಸದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಕುಷ್ಟಗಿ ಸೀಮೆಯಲ್ಲಿ ಆ ಹೊತ್ತಿಗೆ ಮುಂಗಾರಿನ ಒಂದೆರಡು ಮಳೆ ಬಿದ್ದು ನೆಲ ಮೆತ್ತಗಾಗಿರುತ್ತದೆ. ಹಿಂದೆ ಓಣಿಯ ಮಕ್ಕಳು ಹಳ್ಳದ ದಂಡೆಯಿಂದ ಎರೆಮಣ್ಣು ತಂದು, ಕಟ್ಟೆಯ ಮೇಲೆ ಕುಳಿತು ಜೋಡೆತ್ತು ಮಾಡಿ, ಅವುಗಳ ಮುಂದೆ ಒಂದು ಗೋದಲಿಯನ್ನೂ ಮಾಡಿ, ಕುಸುಬಿ ಕಾಳು ಒತ್ತಿ ಕಣ್ಣು ಇಡುತ್ತಿದ್ದರು. ಈಗ ಬಹಳಷ್ಟು ಮನೆಗಳಿಗೆ ಎತ್ತು ಬಜಾರದಿಂದ ಬಣ್ಣ ಹಚ್ಚಿಸಿಕೊಂಡೇ ಬರುತ್ತದೆ. ಮಗುವಿನ ಕೈಗೆ ಮಣ್ಣು ಹತ್ತುವುದಿಲ್ಲ.

ಉತ್ತರ ಕರ್ನಾಟಕದಲ್ಲಿ ವರ್ಷಕ್ಕೆ ಐದು ಮಣ್ಣಿನ ಪೂಜೆ ಎಂಬ ಮಾತಿದೆ. ಮಣ್ಣೆತ್ತು, ಆಷಾಢದ ಮಂಗಳವಾರಗಳ ಗುಳ್ಳವ್ವ, ಶ್ರಾವಣದ ನಾಗಪ್ಪ, ಭಾದ್ರಪದದ ಗಣಪ, ಅವನ ಬೆನ್ನಿಗೇ ಜೋಕುಮಾರ. ಪೂಜೆಯ ವಿಷಯ ಆಯಾ ಮನೆಯ ನಂಬಿಕೆಗೆ ಬಿಟ್ಟದ್ದು. ಇಲ್ಲಿ ಗಮನಿಸಬೇಕಾದದ್ದು ಕೈಕೆಲಸವನ್ನು. ಐದೂ ಮಳೆಗಾಲದೊಳಗೇ ಬರುತ್ತವೆ, ಐದಕ್ಕೂ ಬೇಕಾದದ್ದು ಒಂದು ಹಿಡಿ ಮಣ್ಣು, ಕೆಲಸ ಮುಗಿದ ಮೇಲೆ ಐದೂ ತಿರುಗಿ ಮಣ್ಣೇ ಆಗುತ್ತವೆ. ಇಂದು ಶಾಲೆಗಳಲ್ಲಿ ‘ಸುಸ್ಥಿರ ಬದುಕು’ ಎಂದು ಕಲಿಸುತ್ತಿರುವುದನ್ನು ಈ ಭಾಗದ ಐದಾರು ವರ್ಷದ ಮಕ್ಕಳು ಯಾವ ಪುಸ್ತಕವೂ ಇಲ್ಲದೆ ಕಲಿಯುತ್ತಿದ್ದರು.

ಜೈನ ಮನೆಗಳಲ್ಲಿ ಮಾತ್ರ ಒಂದು ಹಿಂಜರಿಕೆ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಮಣ್ಣಿನಲ್ಲಿ ಪೃಥ್ವೀಕಾಯ ಜೀವಗಳಿವೆ, ನೀರಿನಲ್ಲಿ ಅಪ್ಕಾಯ ಜೀವಗಳಿವೆ, ಗಿಡವಂತೂ ವನಸ್ಪತಿಕಾಯ. ಮಳೆಗಾಲದಲ್ಲಿ ನೆಲದ ಮೇಲೆ ಹುಳ-ಹುಪ್ಪಟೆ ಹೆಚ್ಚು. ಮುನಿಗಳೇ ವಿಹಾರ ನಿಲ್ಲಿಸಿ ಚಾತುರ್ಮಾಸಕ್ಕೆ ಕೂಡುವ ಕಾಲದಲ್ಲಿ ಮಕ್ಕಳನ್ನು ಹೊರಗೆ ಬಿಡುವುದು ಹೇಗೆ ಎಂದು ಅಜ್ಜಿಯರು ಕೇಳುತ್ತಾರೆ. ಕೇಳುವುದು ಸರಿಯೇ. ಆದರೆ ಆ ಭಯದಿಂದ ಮಗುವನ್ನು ಒಳಗೇ ಕೂಡಿಸಿ ಕೈಗೆ ಮೊಬೈಲು, ಮುಂದೆ ಒಂದು ರಾಶಿ ಪ್ಲಾಸ್ಟಿಕ್ ಆಟಿಕೆ ಇಟ್ಟರೆ ಹಿಂಸೆ ಕಡಿಮೆಯಾಯಿತೇ? ಕಣ್ಣಿಗೆ ಕಾಣದಾಯಿತು, ಅಷ್ಟೇ.

ಇದನ್ನು ವ್ಯಾಪಾರದ ಲೆಕ್ಕದಂತೆ ನೋಡಬಹುದು. ಐವತ್ತು ರೂಪಾಯಿಯ ಪ್ಲಾಸ್ಟಿಕ್ ಗಾಡಿ ವಾರದಲ್ಲಿ ಮುರಿಯುತ್ತದೆ. ಅದರ ಮೂಲ ನೆಲದಾಳದಿಂದ ತೆಗೆದ ಎಣ್ಣೆ. ಅದನ್ನು ಕಾಯಿಸಿ, ಕರಗಿಸಿ, ಅಚ್ಚಿಗೆ ಹಾಕಿ, ಸಾವಿರಾರು ಮೈಲಿ ಸಾಗಿಸಿ ತಂದದ್ದು. ಮುರಿದ ಮೇಲೆ ಅದು ಗಟಾರಕ್ಕೆ ಹೋಗುತ್ತದೆ, ಇಲ್ಲವೇ ಮುಸುರಿಯ ಜೊತೆ ಕ್ಯಾರಿಬ್ಯಾಗಿನಲ್ಲಿ ಸೇರಿ ಹಸುವಿನ ಹೊಟ್ಟೆಗೆ ಹೋಗುತ್ತದೆ. ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2016ರ ಮಾರ್ಚಿನಿಂದ ನಿಷೇಧವಿದೆ. ಒಮ್ಮೆ ಬಳಸಿ ಎಸೆಯುವ ತಟ್ಟೆ, ಲೋಟ, ಚಮಚಗಳಿಗೆ ದೇಶಾದ್ಯಂತ 2022ರ ಜುಲೈ 1ರಿಂದ ನಿಷೇಧವಿದೆ. ನಮ್ಮ ಸಮಾಜದ ಕಾರ್ಯಕ್ರಮಗಳ ಹಿತ್ತಲನ್ನು ಊಟ ಮುಗಿದ ಮೇಲೆ ಒಮ್ಮೆ ನೋಡಿದರೆ ಆ ನಿಷೇಧ ಎಷ್ಟರ ಮಟ್ಟಿಗೆ ಒಳಗೆ ಬಂದಿದೆ ಎಂಬುದು ತಿಳಿಯುತ್ತದೆ. ವೇದಿಕೆಯಲ್ಲಿ ಅಹಿಂಸೆಯ ಪ್ರವಚನ, ಹಿಂದೆ ಬಾಟಲಿಗಳ ಗುಡ್ಡ. ಮಕ್ಕಳು ಎರಡನ್ನೂ ನೋಡುತ್ತಾರೆ, ನೆನಪಿಡುವುದು ಎರಡನೆಯದನ್ನು.

ಬೇಕಾದಷ್ಟೇ, ಸುಮ್ಮನೆ ಅಲ್ಲ

ಹಾಗಾದರೆ ಅಳತೆ ಯಾವುದು? ಶ್ರಾವಕರಿಗೆ ಅದನ್ನು ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಹೇಳಿಟ್ಟಿದ್ದಾರೆ. ಮೂರು ಗುಣವ್ರತಗಳಲ್ಲಿ ಅನರ್ಥದಂಡ ವಿರತಿ ಒಂದು. ಅರ್ಥವಿಲ್ಲದೆ, ಅಂದರೆ ಯಾವ ಪ್ರಯೋಜನವೂ ಇಲ್ಲದೆ, ಜೀವಕ್ಕೆ ನೋವು ಕೊಡುವುದೇ ಅನರ್ಥದಂಡ. ಅದರ ಐದು ಬಗೆಗಳಲ್ಲಿ ಕೊನೆಯದು ಪ್ರಮಾದಚರ್ಯೆ. ಸುಮ್ಮನೆ ನೆಲ ಅಗೆಯುವುದು, ಸುಮ್ಮನೆ ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಾಳಿಯನ್ನು ಕಲಕುವುದು, ಗಿಡ ತರಿಯುವುದು, ಕೆಲಸವಿಲ್ಲದೆ ಅಲೆದಾಡುವುದು ಮತ್ತು ಇತರರನ್ನು ಅಲೆಸುವುದು ಇದರಲ್ಲಿ ಬರುತ್ತವೆ. ಇಂದಿನ ಪರಿಸರ ಪಾಠದ ಸಾರವೇ ಇಲ್ಲಿದೆ. ಗೃಹಸ್ಥನು ಮಣ್ಣು ಮುಟ್ಟಬಾರದೆಂದು ಇದರ ಅರ್ಥವಲ್ಲ, ಸುಮ್ಮನೆ ಮುಟ್ಟಬಾರದು. ‘ಸುಮ್ಮನೆ’ ಎಂಬ ಮಾತು ನಾಲ್ಕು ವರ್ಷದ ಮಗುವಿಗೂ ತಿಳಿಯುತ್ತದೆ. ನಲ್ಲಿ ಸುಮ್ಮನೆ ಹರಿಯುತ್ತಿದೆ, ಫ್ಯಾನು ಸುಮ್ಮನೆ ತಿರುಗುತ್ತಿದೆ, ಎಲೆ ಸುಮ್ಮನೆ ಕಿತ್ತೆಯಲ್ಲಾ ಎಂದರೆ ಸಾಕು, ‘ಪ್ರಮಾದಚರ್ಯೆ’ ಎಂಬ ಹೆಸರು ದೊಡ್ಡವರಾದ ಮೇಲೆ ಕಲಿತರಾಯಿತು.

ಐದು ಬಗೆಗಳಲ್ಲಿ ಹಿಂಸಾದಾನವೂ ಒಂದು, ಅಂದರೆ ಹಿಂಸೆಯ ಸಾಧನಗಳನ್ನು ಕೊಡುವುದು. ಹುಟ್ಟುಹಬ್ಬಕ್ಕೆ ಆಟದ ಬಂದೂಕು ಕೊಡುವ ಮಾಮಂದಿರು ಇದನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಈ ಅಳತೆಯನ್ನು ಮಣ್ಣೆತ್ತಿಗೆ ಹಚ್ಚಿ ನೋಡೋಣ. ಎತ್ತು ಮಾಡಲು ಹೊಸದಾಗಿ ನೆಲ ಅಗೆಯುವ ಅಗತ್ಯವಿಲ್ಲ. ಎಲ್ಲಾದರೂ ಮನೆಯ ಪಾಯ ತೆಗೆದ ಮಣ್ಣು ಬಿದ್ದಿರುತ್ತದೆ, ಕೆರೆಯಿಂದ ತೆಗೆದು ಹೊಲಕ್ಕೆ ಹೊಡೆದ ಹೂಳು ಇರುತ್ತದೆ. ಅಂಥ ಒಣ ಮಣ್ಣನ್ನು ಪರಾತಕ್ಕೆ ಹಾಕಿ, ಹೆಂಟೆ ಒಡೆದು, ಹುಳವೇನಾದರೂ ಇದ್ದರೆ ಮೆಲ್ಲಗೆ ಎತ್ತಿ ನೆರಳಿಗೆ ಬಿಡಬೇಕು. ಈ ಕೆಲಸವನ್ನು ಮಕ್ಕಳಿಗೇ ಬಿಡಬೇಕು, ಹತ್ತು ನಿಮಿಷ ತಡವಾದರೂ ಚಿಂತೆಯಿಲ್ಲ. ಆಮೇಲೆ ಸೋಸಿದ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ನಾದಬೇಕು. ಮಸಾರಿ ಮಣ್ಣು ಒಂದರಿಂದಲೇ ಮಾಡಿದರೆ ಕೊಂಬು ನಿಲ್ಲುವುದಿಲ್ಲ, ಎರೆ ಒಂದರಿಂದಲೇ ಮಾಡಿದರೆ ಒಣಗಿದಾಗ ಬಿರಿಯುತ್ತದೆ. ಎರೆಗೆ ಸ್ವಲ್ಪ ಉಸುಕು ಕೂಡಿಸಿದರೆ ಸರಿಯಾಗುತ್ತದೆ. ತಮ್ಮ ಊರಿನ ಎರಡು ಬಗೆಯ ನೆಲದ ಗುಣ ಮಕ್ಕಳಿಗೆ ಬೆರಳ ತುದಿಯಿಂದಲೇ ತಿಳಿಯುತ್ತದೆ. ಒಂದು ಮಗುವಿಗೆ ಎರಡು ಮುಷ್ಟಿ ಮಣ್ಣು, ಅಷ್ಟೇ. ಹೆಚ್ಚು ಬೇಕೆಂದರೆ ಮೊದಲು ಮಾಡಿದ್ದನ್ನು ಕಲಸಿ ಮತ್ತೆ ಮಾಡಲಿ.

ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಜನ್ನನ ‘ಯಶೋಧರ ಚರಿತೆ’ (1209) ಬಲ್ಲ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಶೋಧರ ಕೊಂದದ್ದು ಹಿಟ್ಟಿನ ಕೋಳಿಯನ್ನು, ಜೀವವಿದ್ದ ಕೋಳಿಯನ್ನಲ್ಲ. ಆದರೂ ಕೊಲ್ಲುವ ಸಂಕಲ್ಪ ಇದ್ದುದರಿಂದ ಅವನೂ ಅವನ ತಾಯಿಯೂ ಹಲವು ಜನ್ಮ ಪ್ರಾಣಿಗಳಾಗಿ ನರಳಬೇಕಾಯಿತು. ಮಣ್ಣಿನ ಎತ್ತಿನ ತಲೆ ಕತ್ತರಿಸುವ, ಮಣ್ಣಿನ ಹಕ್ಕಿಗೆ ಕವಣೆ ಗುರಿಯಿಡುವ ಆಟ ಬೇಡ ಎನ್ನುವುದು ಈ ಕಾರಣಕ್ಕೆ. ತಾನಾಗಿ ಬಿರಿದ ಎತ್ತನ್ನು ನೀರಿನಲ್ಲಿ ಕರಗಿಸಿ ಗಿಡದ ಬುಡಕ್ಕೆ ಹಾಕುವುದು ಬೇರೆ, ಹೊಡೆದು ಒಡೆಯುವುದು ಬೇರೆ. ಮಕ್ಕಳು ಈ ವ್ಯತ್ಯಾಸವನ್ನು ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ.

ಗುಳ್ಳವ್ವನನ್ನು ಸಿಂಗರಿಸಲು ಕೆಂಪು-ಕಪ್ಪು ಗುಲಗಂಜಿ ಬಳಸುವ ರೂಢಿಯಿದೆ. ನೋಡಲು ಚೆಂದ, ಆದರೆ ಗುಲಗಂಜಿ ಬೀಜ ವಿಷ. ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಚಿಕ್ಕ ಮಕ್ಕಳಿರುವಲ್ಲಿ ಜೋಳ, ಕುಸುಬಿ, ಹುಣಸೆ ಬೀಜ ಸಾಕು. ಅವುಗಳನ್ನೂ ಮೂಗಿಗೆ, ಕಿವಿಗೆ ಹಾಕಿಕೊಳ್ಳದಂತೆ ದೊಡ್ಡವರು ಪಕ್ಕದಲ್ಲಿರಬೇಕು.

ಆರು ಬಣ್ಣದ ಮರ

ಚಿತ್ರದ ಮೂಲಕ ಮಿತಬಳಕೆ ಕಲಿಸುವ ಕ್ರಮ ಜೈನರಿಗೆ ಹೊಸದಲ್ಲ. ಶ್ರವಣಬೆಳಗೊಳದ ಜೈನ ಮಠದ ಗೋಡೆಯ ಮೇಲೆ ಷಡ್ಲೇಶ್ಯೆಯ ಮರದ ಚಿತ್ರವಿದೆ. ಯಾತ್ರೆಗೆ ಹೋದವರು ಅದನ್ನು ನೋಡಿರುತ್ತಾರೆ, ಹೆಚ್ಚಿನವರು ದರ್ಶನದ ಗಡಿಬಿಡಿಯಲ್ಲಿ ಮುಂದೆ ಹೋಗಿಬಿಡುತ್ತಾರೆ. ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ‘ಗೊಮ್ಮಟಸಾರ’ದಲ್ಲೂ ಈ ದೃಷ್ಟಾಂತ ಬರುತ್ತದೆ. ಕಾಡಿನಲ್ಲಿ ದಾರಿ ತಪ್ಪಿದ ಆರು ಮಂದಿ ಹಸಿದವರು ಹಣ್ಣು ತುಂಬಿದ ಒಂದು ಮರವನ್ನು ಕಾಣುತ್ತಾರೆ. ಬೇರುಸಹಿತ ಕಿತ್ತುಹಾಕೋಣ ಎನ್ನುತ್ತಾನೆ ಒಬ್ಬ. ಬೊಡ್ಡೆ ಕಡಿಯೋಣ ಎನ್ನುತ್ತಾನೆ ಎರಡನೆಯವ. ದೊಡ್ಡ ಕೊಂಬೆ ಸಾಕು ಎನ್ನುವವನು ಮೂರನೆಯವ, ಸಣ್ಣ ರೆಂಬೆ ಸಾಕು ಎನ್ನುವವನು ನಾಲ್ಕನೆಯವ. ಐದನೆಯವನು ಹಣ್ಣನ್ನಷ್ಟೇ ಕೀಳೋಣ ಎಂದರೆ, ಆರನೆಯವನು ಕೆಳಗೆ ಬಿದ್ದದ್ದನ್ನು ಆಯ್ದು ತಿನ್ನೋಣ ಎನ್ನುತ್ತಾನೆ. ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ ಎಂದು ಆರು ಲೇಶ್ಯೆಗಳು. ಹಸಿವು ಆರೂ ಜನರಿಗೆ ಒಂದೇ, ಮರಕ್ಕಾಗುವ ನಷ್ಟ ಮಾತ್ರ ಬೇರೆ ಬೇರೆ.

ಪಾಠಶಾಲೆಯಲ್ಲಿ ಇದನ್ನು ಕಥೆಯಾಗಿ ಹೇಳಿ ಮುಗಿಸಿದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಅಂಗಡಿಯಲ್ಲಿ ಉಳಿದ ರಟ್ಟಿನ ಡಬ್ಬಿ ಬಿಚ್ಚಿ, ಅದರ ಮೇಲೆ ಮಕ್ಕಳ ಕೈಯಿಂದಲೇ ಮರ ಬರೆಯಿಸಬೇಕು. ಆರು ಜನರಿಗೆ ಕಪ್ಪು, ನೀಲಿ, ಪಾರಿವಾಳದ ಬೂದು, ಹಳದಿ, ತಾವರೆಯ ಗುಲಾಬಿ, ಬಿಳಿ ಬಣ್ಣದ ಅಂಗಿ ತೊಡಿಸಬೇಕು. ಆಮೇಲೆ ಬಸದಿಯ ಹೊರಗಿನ ಬೇವಿನ ಮರವೋ ಹುಣಸೆ ಮರವೋ ಇದ್ದರೆ ಅದರ ಕೆಳಗೆ ಕರೆದೊಯ್ದು, ಕೆಳಗೆ ಬಿದ್ದದ್ದನ್ನು ಮಾತ್ರ ಆಯಬೇಕು ಎಂಬ ನಿಯಮ ಹಾಕಿ ಹತ್ತು ನಿಮಿಷ ಬಿಡಬೇಕು. ಒಣ ಎಲೆ, ಕಾಯಿಸಿಪ್ಪೆ, ಉದುರಿದ ಗರಿ, ಬೀಜ ಹೀಗೆ ಏನೇನೋ ಸಿಗುತ್ತವೆ. ಅವನ್ನು ಅದೇ ರಟ್ಟಿಗೆ ಮೈದಾ ಅಂಟಿನಿಂದ ಹಚ್ಚಿಸಬಹುದು. ಬಿದ್ದ ಹಣ್ಣನ್ನೆಲ್ಲ ನಾವೇ ಆಯ್ದರೆ ಇರುವೆಗೆ ಏನು ಉಳಿಯಿತು ಎಂದು ಕೇಳುವ ಮಕ್ಕಳೂ ಇರುತ್ತಾರೆ. ಆ ಪ್ರಶ್ನೆಗೆ ಉತ್ತರ ಹುಡುಕಲು ದೊಡ್ಡವರು ತಡಕಾಡಿದರೂ ನಡೆಯುತ್ತದೆ.

ಬಣ್ಣಕ್ಕೆ ಅಂಗಡಿಗೆ ಓಡಬೇಕಾಗಿಲ್ಲ. ಕುಷ್ಟಗಿ ತಾಲೂಕು ದಾಳಿಂಬೆಗೆ ಹೆಸರಾದದ್ದು. ದಾಳಿಂಬೆ ಸಿಪ್ಪೆಯನ್ನು ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಕಂದು ಹಳದಿ ಬಣ್ಣ ಬರುತ್ತದೆ. ಅದನ್ನೇ ಕಬ್ಬಿಣದ ಬಾಣಲಿಯಲ್ಲಿ ಕುದಿಸಿ ರಾತ್ರಿಯಿಡೀ ಬಿಟ್ಟರೆ ಸಿಪ್ಪೆಯ ಒಗರು ಕಬ್ಬಿಣದ ಜೊತೆ ಕೂಡಿ ಬಣ್ಣ ಕಪ್ಪಿಗೆ ತಿರುಗುತ್ತದೆ. ಅರಿಶಿನಕ್ಕೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುವುದನ್ನು ನೋಡಿ ಮಕ್ಕಳು ಕುಣಿಯುತ್ತಾರೆ (ಸುಣ್ಣವನ್ನು ದೊಡ್ಡವರೇ ಹಾಕಬೇಕು, ಕಣ್ಣಿಗೆ ಸಿಡಿಯಬಾರದು). ಕೆಮ್ಮಣ್ಣು, ಇದ್ದಿಲು, ಉದುರಿದ ಮುತ್ತುಗದ ಹೂವೂ ಆಗುತ್ತವೆ. ಇಂಥ ಕೈಪಿಡಿಗಳಲ್ಲಿ ಗಜ್ಜರಿ, ಬೀಟ್‌ರೂಟ್ ಎಂದು ಬರೆದಿರುತ್ತಾರೆ. ಕಂದಮೂಲ ತರದ ಮನೆಗಳಿಗೆ ಅದು ಒಗ್ಗುವುದಿಲ್ಲ, ಒಗ್ಗಬೇಕಾಗಿಯೂ ಇಲ್ಲ. ಹೂವಾದರೂ ಅಷ್ಟೇ, ಗಿಡದಿಂದ ಕಿತ್ತದ್ದು ಬೇಡ, ಉದುರಿದ್ದು ಸಾಕು.

ರಂಗೋಲಿಗೆ ಅಕ್ಕಿಹಿಟ್ಟು ಒಳ್ಳೆಯದು, ಇರುವೆಗೂ ಆಹಾರವಾಗುತ್ತದೆ ಎನ್ನುತ್ತಾರೆ. ನಿಜ, ಆದರೆ ಹತ್ತು ಜನ ತುಳಿದು ಓಡಾಡುವ ಹೊಸ್ತಿಲ ಮುಂದೆ ಹಿಟ್ಟು ಹಾಕಿ ಇರುವೆ ಕರೆಯುವುದು ದಯೆಯಲ್ಲ. ಅಂಗಳದ ಮೂಲೆಯಲ್ಲಿ, ಗೋಡೆಯ ಬದಿಗೆ ಹಾಕಲಿ.

ಕಿನ್ನಾಳದ ಗೊಂಬೆ, ಮನೆಯ ಕೌದಿ

ಆಟಿಕೆ ಕೊಳ್ಳಲೇಬಾರದೆಂದಲ್ಲ. ಕೊಪ್ಪಳದ ಹತ್ತಿರದ ಕಿನ್ನಾಳ ಗೊಂಬೆಗಳಿಗೇ ಪ್ರಸಿದ್ಧವಾದ ಊರು. ಅಲ್ಲಿನ ಕಲೆಗೆ ಭೌಗೋಳಿಕ ಸೂಚಿಕೆ ಮಾನ್ಯತೆಯೂ ದೊರೆತಿದೆ. ಚಿತ್ರಗಾರ ಮನೆತನದವರು ಹಗುರವಾದ ಮರವನ್ನು ಕೊರೆದು, ಕಟ್ಟಿಗೆ ಪುಡಿಗೆ ಹುಣಸೆ ಬೀಜದ ಸರಿ ಬೆರೆಸಿದ ‘ಕಿಟ್ಟ’ದಿಂದ ಬಿಡಿಭಾಗಗಳನ್ನು ಕೂಡಿಸುತ್ತಾರೆ. ಸೆಣಬಿನ ಬಟ್ಟೆಯ ಚೂರು ಅಂಟಿಸಿ, ಕಲ್ಲಿನ ಪುಡಿಗೆ ಅಂಟು ಸೇರಿಸಿ ಬಳಿದು, ಅದರ ಮೇಲೆ ಬಣ್ಣ ಕೊಡುತ್ತಾರೆ. ಹುಣಸೆ ಹಣ್ಣು ಕುಟ್ಟಿದ ಮೇಲೆ ಉಳಿಯುವ ಬೀಜ, ಮರ ಕೊರೆದಾಗ ಉದುರುವ ಪುಡಿ, ಹರಿದ ಬಟ್ಟೆ, ಯಾವುದೂ ಕಸಕ್ಕೆ ಹೋಗುವುದಿಲ್ಲ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ ಈ ಕೆಲಸ ತೋರಿಸಬೇಕು. ಕೊಳ್ಳುವಾಗ ಹಚ್ಚಿದ ಬಣ್ಣ ಯಾವುದೆಂದು ಕೇಳಿ ಕೊಳ್ಳಬೇಕು, ಎಳೆಯ ಮಕ್ಕಳು ಎಲ್ಲವನ್ನೂ ಬಾಯಿಗೆ ಹಾಕುತ್ತಾರೆ.

ಚನ್ನಪಟ್ಟಣದ ಗೊಂಬೆಗಳ ಬಗ್ಗೆ ಕೆಲವು ಶ್ರಾವಕರಿಗೆ ಒಂದು ಸಂಶಯವಿದೆ. ಅವುಗಳ ಹೊಳಪು ಅರಗಿನದು. ಅರಗು ಸಣ್ಣ ಕೀಟಗಳು ಸ್ರವಿಸುವ ವಸ್ತು, ಅದನ್ನು ತೆಗೆಯುವಾಗ ಅಸಂಖ್ಯ ಕೀಟಗಳು ಸಾಯುತ್ತವೆ. ಶ್ರಾವಕರು ಮಾಡಬಾರದ ಹದಿನೈದು ಉದ್ಯೋಗಗಳಲ್ಲಿ ಲಾಕ್ಷಾ ವಾಣಿಜ್ಯ, ಅಂದರೆ ಅರಗಿನ ವ್ಯಾಪಾರ, ಸೇರಿರುವುದು ಇದೇ ಕಾರಣಕ್ಕೆ. ಪ್ಲಾಸ್ಟಿಕ್ಕಿಗಿಂತ ಮರದ್ದು ಒಳ್ಳೆಯದು ಎಂಬ ಮಾತು ಸಾಮಾನ್ಯವಾಗಿ ಸರಿಯಾದರೂ, ಜೈನ ಮನೆಯಲ್ಲಿ ಅಷ್ಟಕ್ಕೇ ಲೆಕ್ಕ ಮುಗಿಯುವುದಿಲ್ಲ. ಬಣ್ಣವೇ ಇಲ್ಲದ ಬರಿ ಮರದ ಬುಗುರಿ, ಗಾಲಿ ಸಿಕ್ಕರೆ ಯಾವ ತೊಡಕೂ ಇಲ್ಲ.

ಮನೆಯೊಳಗೇ ಇರುವ ಇನ್ನೊಂದು ಕಲೆ ಕೌದಿ. ನೆರೆಯ ಇಳಕಲ್ಲಿನ ಹಳೇ ಸೀರೆ, ಹರಿದ ಧೋತರ, ತೋಳು ಸವೆದ ಅಂಗಿ ಎಲ್ಲ ಅದರೊಳಗೆ ಹೋಗುತ್ತವೆ. ಚಿಕ್ಕವರ ಕೈಗೆ ಸೂಜಿ ಬೇಡ. ಚೌಕಗಳನ್ನು ಹಾಸಿಗೆಯ ಮೇಲೆ ಹರಡಿ ಯಾವ ಬಣ್ಣದ ಪಕ್ಕ ಯಾವುದು ಎಂದು ಜೋಡಿಸುವ ಕೆಲಸ ಅವರದು, ಹೊಲಿಗೆ ಅಜ್ಜಿಯದು.

ಹೊರಗೆ ಬಿಟ್ಟಾಗ

ಚಿಣಿದಾಂಡು, ಲಗೋರಿ, ಕುಂಟೆಬಿಲ್ಲೆ, ಗಜ್ಜುಗದಾಟ, ಇವಕ್ಕೆಲ್ಲ ಬೇಕಾದ ಸಾಮಾನು ಓಣಿಯಲ್ಲೇ ಬಿದ್ದಿರುತ್ತದೆ, ಖರ್ಚು ಸೊನ್ನೆ. ಇವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹೇಳಬೇಕಾದದ್ದು ಜೀವಿಗಳ ಜೊತೆ ಆಡುವ ಆಟಗಳ ಬಗ್ಗೆ. ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟುವುದು, ಮೊದಲ ಮಳೆಗೆ ಬರುವ ಕೆಂಪು ಮಖಮಲ್ಲಿನಂಥ ಹುಳವನ್ನು ಕಡ್ಡಿಪೆಟ್ಟಿಗೆಯಲ್ಲಿ ತುಂಬುವುದು, ಓತಿಕ್ಯಾತಕ್ಕೆ ಕಲ್ಲು ಹೊಡೆಯುವುದು ಈ ಭಾಗದ ಹಳೆಯ ಚಾಳಿಗಳು. ಬೈದರೆ ಕದ್ದು ಮಾಡುತ್ತಾರೆ. ಅದರ ಬದಲು ಕೆಂಪು ಹುಳ ಕಂಡಲ್ಲಿ ಕುಳಿತು, ಅದಕ್ಕೆ ಎಷ್ಟು ಕಾಲು, ಎತ್ತ ಹೋಗುತ್ತದೆ ಎಂದು ನೋಡಿ ಪಾಟಿಯ ಮೇಲೆ ಚಿತ್ರ ಬರೆಯಲು ಹಚ್ಚಬೇಕು. ಎಂಟು ಕಾಲು ಎಣಿಸಿದ ಮಗು ಅದನ್ನು ಒರೆಸಿಹಾಕುವುದಿಲ್ಲ. ‘ತತ್ತ್ವಾರ್ಥಸೂತ್ರ’ದ ಐದನೇ ಅಧ್ಯಾಯದ 21ನೇ ಸೂತ್ರ ಹೇಳುವುದು ಜೀವಿಗಳು ಒಂದಕ್ಕೊಂದು ಉಪಕಾರಿಗಳು ಎಂಬುದನ್ನು. ಅನೇಕ ಮಕ್ಕಳಿಗೆ ಆ ಸೂತ್ರ ಬಾಯಿಪಾಠವಿರುತ್ತದೆ, ಹುಳವನ್ನು ನೋಡಿದ್ದು ಮಾತ್ರ ಇರುವುದಿಲ್ಲ.

ಗಾಳಿಪಟ ಹಾರಿಸುವಾಗ ಹತ್ತಿಯ ದಾರ ಮಾತ್ರ ಇರಲಿ. ನೈಲಾನ್ ಮತ್ತಿತರ ಸಿಂಥೆಟಿಕ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲೇ ನಿಷೇಧಿಸಿದೆ. ಮರಕ್ಕೆ ಸಿಕ್ಕಿಕೊಂಡ ಆ ದಾರದಲ್ಲಿ ಹಕ್ಕಿಯ ರೆಕ್ಕೆ ಕೊಯ್ದುಹೋಗುತ್ತದೆ.

ನೀರಿನ ಪಾಠಕ್ಕೆ ನಿಡಶೇಸಿ ಕೆರೆಗಿಂತ ಒಳ್ಳೆಯ ತರಗತಿ ಕುಷ್ಟಗಿಯವರಿಗೆ ಸಿಗದು. 2019ರಲ್ಲಿ ಕೊಪ್ಪಳ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ಹಿರೇಹಳ್ಳದ ಸ್ವಚ್ಛತೆಗೆ ಇಳಿದ ನಂತರ ಜಿಲ್ಲೆಯ ಜನರಲ್ಲಿ ಒಂದು ಹುರುಪು ಬಂತು. ನಿಡಶೇಸಿ ಕೆರೆಯ ಹೂಳೆತ್ತುವುದಕ್ಕೂ ಜನ ತಾವಾಗಿ ಮುಂದೆ ಬಂದರು. ಆಗ ಹುಟ್ಟಿರದ ಮಕ್ಕಳು ಈಗ ಅಂಗನವಾಡಿಗೆ, ಶಾಲೆಗೆ ಹೋಗುತ್ತಿದ್ದಾರೆ. ಕೆರೆ ದಂಡೆಯ ಮೇಲೆ ಅವರನ್ನು ದೊಡ್ಡವರ ಕಾವಲಿನಲ್ಲಿ ಕೂಡಿಸಿ, ಅಪ್ಪ-ಅಜ್ಜಂದಿರು ಇದನ್ನು ತೋಡಲು ಏನು ಕೊಟ್ಟರು ಎಂದು ಹೇಳಬೇಕು, ಬಂದ ಹಕ್ಕಿಗಳನ್ನು ಎಣಿಸಲು ಹಚ್ಚಬೇಕು.

ಮನೆಯಲ್ಲಿ ನೀರು ಸೋಸುವ ಕೆಲಸವೂ ಮಕ್ಕಳಿಗೆ ಆಟವೇ. ದಪ್ಪ ಬಟ್ಟೆಯನ್ನು ಇಮ್ಮಡಿಸಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ನೀರು ತಂದ ಬಾವಿಗೇ ಮರಳಿ ಬಿಡುವ ಕ್ರಮವನ್ನು ಮಾಡಿ ತೋರಿಸಬೇಕು. ಸೋಸಿದ ನೀರಿನ ಅವಧಿ ಒಂದು ಮುಹೂರ್ತ, ಅಂದರೆ 48 ನಿಮಿಷ. ಆದ್ದರಿಂದ ಬೇಕಾದಷ್ಟನ್ನೇ ಸೋಸುವ ಅಭ್ಯಾಸ ತಾನಾಗಿ ಬರುತ್ತದೆ. ಆದರೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಕುಷ್ಟಗಿ, ಯಲಬುರ್ಗಾ ಭಾಗದ ಅನೇಕ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಮಕ್ಕಳ ಹಲ್ಲಿಗೆ ಕಲೆ ಬೀಳುತ್ತದೆ, ಇನ್ನೂ ಹೆಚ್ಚಾದರೆ ಎಲುಬಿಗೆ ತೊಂದರೆ. ಬಟ್ಟೆಯಲ್ಲಿ ಸೋಸಿದರೆ ಫ್ಲೋರೈಡ್ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಧರ್ಮದ ಸೋಸುವಿಕೆ ಬೇರೆ, ಶುದ್ಧೀಕರಣ ಘಟಕದ ನೀರು ಬೇರೆ. ಎರಡೂ ಬೇಕು.

ಸಸಿ ನೆಡುವುದರ ಬಗ್ಗೆ ಒಂದು ಮಾತು. ನೂರು ಸಸಿ ನೆಟ್ಟು ಫೋಟೋ ತೆಗೆಸಿ, ಮರುವರ್ಷ ಅದೇ ಗುಂಡಿಗಳಲ್ಲಿ ಮತ್ತೆ ನೆಡುವುದನ್ನು ಎಲ್ಲರೂ ನೋಡಿದ್ದಾರೆ. ಮಗುವಿಗೆ ಒಂದೇ ಬೇವಿನ ಬೀಜ ಸಾಕು. ಮುಂಗಾರಿನ ಹೊತ್ತಿಗೆ ಉದುರಿದ ಹಣ್ಣಿನ ಬೀಜವನ್ನು ತಾಜಾ ಇರುವಾಗಲೇ ಹಾಕಬೇಕು, ತಿಂಗಳುಗಟ್ಟಲೆ ಇಟ್ಟರೆ ಅದು ಮೊಳೆಯುವುದಿಲ್ಲ. ಮುಂದಿನ ಎರಡು ಬೇಸಿಗೆ ಒಂದು ಚರಗಿ ನೀರು ಹಾಕುವುದು ಆ ಮಗುವಿನದೇ ಕೆಲಸ.

ವರ್ಷಕ್ಕೊಮ್ಮೆ ಕೊಪ್ಪಳದ ಗುಡ್ಡಕ್ಕೆ ಹೋಗಬಹುದು. ಕೊಪಣ ಜೈನರ ಆದಿತೀರ್ಥವೆಂದು ಹೆಸರಾದ ಊರು. ಪಾಲ್ಕಿಗುಂಡಿನ ಮೇಲೆ ‘ವರಾಂಗಚರಿತ’ದ ಕರ್ತೃ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಕೊರೆಯಲಾಗಿದೆ, ಅವನ್ನು ಚಾವಯ್ಯ ಮಾಡಿಸಿದನೆಂಬ ಶಾಸನವೂ ಇದೆ. ಅದೇ ಪಾಲ್ಕಿಗುಂಡಿನಲ್ಲೂ ಗವಿಮಠದ ಬಂಡೆಯ ಮೇಲೂ ಅಶೋಕನ ಶಾಸನಗಳಿವೆ. ಬುತ್ತಿ ಡಬ್ಬಿಯಲ್ಲಿ, ನೀರು ತಾಮ್ರದ ಚರಗಿಯಲ್ಲಿ. ಹತ್ತಿದವರೇ ಕಸ ಇಳಿಸಿ ತರಬೇಕು. ಬಂಡೆಯ ಮೇಲೆ ಬಣ್ಣದಿಂದ ಹೆಸರು ಗೀಚಿದವರನ್ನು ಕಂಡರೆ ಮಕ್ಕಳು ಕೇಳುತ್ತಾರೆ. ಅಲ್ಲಿಯೇ ಕುಳಿತು ಕಾಗದದ ಮೇಲೆ ಆ ಪಾದಗಳ ಚಿತ್ರ ಬರೆಯಲಿ.

ಇದೆಲ್ಲ ಶಾಲೆಯ ಓದಿಗೆ ಅಡ್ಡಿಯಾಗುತ್ತದೆಂಬ ಆತಂಕ ಬೇಡ. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ ಅವರು ಆಟ, ಕಥೆ, ಕೈಕೆಲಸದಿಂದಲೇ ಚಿಕ್ಕವರಿಗೆ ಕಲಿಸಿದವರು. 2022ರ ಅಕ್ಟೋಬರ್‌ನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮೂರರಿಂದ ಎಂಟು ವರ್ಷದವರಿಗೆ ಆಟವೇ ಕಲಿಕೆ ಎನ್ನುತ್ತದೆ.

ಮಣ್ಣೆತ್ತಿನ ಅಮಾವಾಸ್ಯೆಯಿಂದ ಆಷಾಢ ಶುದ್ಧ ಚತುರ್ದಶಿಯ ಚಾತುರ್ಮಾಸ ಸ್ಥಾಪನೆಗೆ ಎರಡು ವಾರ ಅಂತರವಿದೆ. ಪಾಠಶಾಲೆ ನಡೆಸುವ ಊರುಗಳಲ್ಲಿ ಹೊರಗಿನ ಕೆಲಸಗಳನ್ನು, ಅಂದರೆ ಮಣ್ಣು, ಮರದಡಿಯ ಆಟ, ಕೆರೆ ದಂಡೆ ಇವನ್ನೆಲ್ಲ, ಈ ಎರಡು ವಾರದಲ್ಲಿ ಮುಗಿಸಿಕೊಳ್ಳುವುದು ಅನುಕೂಲ. ರಟ್ಟಿನ ಚಿತ್ರ, ಬಣ್ಣ, ಕೌದಿಯಂಥ ಒಳಗಿನ ಕೆಲಸಗಳನ್ನು ಚಾತುರ್ಮಾಸದ ಭಾನುವಾರಗಳಿಗೆ ಇಟ್ಟುಕೊಳ್ಳಬಹುದು. ದಶಲಕ್ಷಣ ಪರ್ವ ಬರುವ ಹೊತ್ತಿಗೆ ಮಂಟಪಕ್ಕೆ ಬೇಕಾದ ತೋರಣವೂ ಮಕ್ಕಳ ಕೈಯಿಂದಲೇ ಸಿದ್ಧವಾಗಿರುತ್ತದೆ, ಥರ್ಮಾಕೋಲ್ ತರಬೇಕಾಗಿಲ್ಲ. ಪರಿಗ್ರಹ ಪರಿಮಾಣವನ್ನೂ ಆಗಲೇ ಆರಂಭಿಸಬಹುದು. ಮನೆಯ ಆಟಿಕೆಗಳನ್ನೆಲ್ಲ ಮಗು ತಾನೇ ಎಣಿಸಿ ಅಂಗಡಿಯ ಹಳೇ ಖಾತೆ ಪುಸ್ತಕದಲ್ಲಿ ಬರೆದು, ಎಷ್ಟು ಸಾಕು ಎಂಬ ಸಂಖ್ಯೆಯನ್ನೂ ತಾನೇ ಹಾಕಬೇಕು. ಆ ಸಂಖ್ಯೆಯನ್ನು ದೊಡ್ಡವರು ಹೇಳಿಕೊಡಬಾರದು.